ಒಂದಾಣೆಯ ತಿಂಡಿಯಿಂದ ರಾಗಿ ಮಾಲ್ಟ್‌ವರೆಗೆ

ಹೋದ ವರ್ಷ ಜುಲೈನಲ್ಲಿ ಅಪ್ಪ ಚೆನ್ನೈಗೆ ಬಂದು ನಮ್ಮ ಜೊತೆ ಹದಿನೈದು ದಿನ ಇದ್ದರು. ಒಂದು ಸಂಜೆ ಮಗಳ ಊಟದ ಡಬ್ಬಿ ತೆಗೆದರೆ ಬೆಳಗ್ಗೆ ಹಾಕಿದ್ದ ಎರಡು ರಾಗಿ ದೋಸೆಯೂ ಹಾಗೇ ಇದ್ದವು. ಪಕ್ಕದಲ್ಲಿ ಕೂರುವ ಹುಡುಗಿ ಕಪ್ಪು ದೋಸೆ ಎಂದು ನಕ್ಕಳಂತೆ. ನಾನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಆ ತಣ್ಣಗಿನ ದೋಸೆಯನ್ನು ಉಪ್ಪಿನಕಾಯಿ ನೆಂಚಿಕೊಂಡು ತಿಂದು ಮುಗಿಸಿದರು. "ಅವಳನ್ನ ಯಾಕೆ ಬೈತೀಯ? ನಾವೂ ಅಷ್ಟೇ. ಮನೇಲಿ ಬೆಳಗ್ಗೆ ರಾಗಿ ರೊಟ್ಟಿ, ರಾತ್ರಿ ಮುದ್ದೆ. ಸ್ಕೂಲಲ್ಲಿ ಉಪ್ಪಿಟ್ಟು ಅಂದ್ರೆ ಹಬ್ಬ ಕಣಮ್ಮ" ಎಂದರು.

ಅಪ್ಪ ಓದಿದ್ದು ತಿಪಟೂರಿನ ಹತ್ತಿರದ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ, 1960ರ ದಶಕದಲ್ಲಿ. ಆಗ ಕೇರ್ ಎಂಬ ಅಮೆರಿಕದ ಸಂಸ್ಥೆಯ ಮೂಲಕ ಗೋಧಿ ನುಚ್ಚು, ಹಾಲಿನ ಪುಡಿ, ಅಡುಗೆ ಎಣ್ಣೆ ನಮ್ಮ ಶಾಲೆಗಳಿಗೆ ಬರುತ್ತಿತ್ತು. ಎಣ್ಣೆಯ ಡಬ್ಬದ ಮೇಲೆ ಕೈಕುಲುಕುವ ಎರಡು ಕೈಗಳ ಚಿತ್ರ. ದೊಡ್ಡ ಹುಡುಗರು ಸೌದೆ ತರಬೇಕು, ಹಂಡೆಯಲ್ಲಿ ಉಪ್ಪಿಟ್ಟು ಕೆದಕಬೇಕು. ಚಿಕ್ಕವರು ಮುತ್ತುಗದ ಎಲೆ ಹಿಡಿದು ಸಾಲಿನಲ್ಲಿ ಕೂರಬೇಕು. ಅಪ್ಪ ತಮ್ಮ ಪಾಲಿನ ಅರ್ಧವನ್ನು ಎಲೆಯಲ್ಲೇ ಮಡಚಿ ಮನೆಗೆ ಒಯ್ಯುತ್ತಿದ್ದರಂತೆ. ಮನೆಯಲ್ಲಿ ತಂಗಿ ಇದ್ದಳು, ನನ್ನ ಸೋದರತ್ತೆ. ಅವಳನ್ನು ಶಾಲೆಗೆ ಹಾಕಿರಲಿಲ್ಲ. ಕೂಸು ನೋಡಿಕೊಳ್ಳಲು, ಕರು ಕಾಯಲು ಮನೆಯಲ್ಲೇ ಇಟ್ಟುಕೊಂಡಿದ್ದರು. ಒಂದು ದಿನ ಹೆಡ್‌ಮಾಸ್ತರು ಎಲೆಯ ಪೊಟ್ಟಣ ನೋಡಿ ಹಿಡಿದು ನಿಲ್ಲಿಸಿದರು. ಅಪ್ಪ ಏಟು ಬೀಳುತ್ತದೆ ಎಂದುಕೊಂಡರೆ ಅವರು ಅಂದದ್ದು, "ನಾಳೆಯಿಂದ ಅವಳನ್ನೇ ಕರ್ಕೊಂಡು ಬಾ, ಇಲ್ಲೇ ತಿನ್ಲಿ." ಅತ್ತೆ ಹೀಗೆ ಉಪ್ಪಿಟ್ಟಿನ ನೆಪದಲ್ಲಿ ಶಾಲೆಗೆ ಹೋಗಿ ಏಳನೇ ತರಗತಿವರೆಗೆ ಓದಿದರು. ಈ ಕಥೆ ನನಗೆ ಈ ವಯಸ್ಸಿನವರೆಗೂ ಗೊತ್ತಿರಲಿಲ್ಲ.

ಅವತ್ತಿನಿಂದ ಆಫೀಸಿನ ಕೆಲಸ ಮುಗಿದ ಮೇಲೆ ಶಾಲಾ ಊಟದ ಇತಿಹಾಸ ಹುಡುಕಿ ಓದುವುದು ನನಗೊಂದು ಗೀಳಾಯಿತು. ನಾನು ಇತಿಹಾಸ ಓದಿದವಳಲ್ಲ, ಡೇಟಾಬೇಸ್ ಜೊತೆ ಹೊಟ್ಟೆ ಹೊರೆಯುವವಳು. ಆದರೆ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತ್ತು. ರಾಗಿ ಬೆಳೆಯುವ ಊರಿನ ಮಕ್ಕಳಿಗೆ ಸಮುದ್ರದಾಚೆಯ ಗೋಧಿ ಯಾಕೆ ಬಂತು? ಯಾವುದು ಮಕ್ಕಳಿಗೆ ಒಳ್ಳೆಯದು ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲವೇ?

ಮೊದಲ ಪುಟ ಸಿಕ್ಕಿದ್ದು ನಾನು ದಿನಾ ಮೆಟ್ರೋದಲ್ಲಿ ದಾಟಿಹೋಗುವ ಥೌಸಂಡ್ ಲೈಟ್ಸ್‌ನಲ್ಲೇ. 1920ರಲ್ಲಿ ಮದ್ರಾಸ್ ಕಾರ್ಪೊರೇಷನ್, ಜಸ್ಟಿಸ್ ಪಕ್ಷದ ನಾಯಕ ಪಿ. ತ್ಯಾಗರಾಯ ಚೆಟ್ಟಿಯವರ ಅಧ್ಯಕ್ಷತೆಯಲ್ಲಿ, ಇಲ್ಲಿನ ತನ್ನ ಶಾಲೆಯ ಮಕ್ಕಳಿಗೆ ತಿಂಡಿ ಕೊಡುವ ಠರಾವು ಮಾಡಿತು. ಮಗುವಿಗೆ ದಿನಕ್ಕೆ ಒಂದಾಣೆ ಮೀರಬಾರದು ಎಂಬುದು ಷರತ್ತು. ಬಡ ಮಕ್ಕಳು ಶಾಲೆಗೆ ಬರಲಿ ಎಂಬುದೇ ಉದ್ದೇಶ. ತಿಂಡಿ ಐದು ಶಾಲೆಗಳಿಗೆ ಹಬ್ಬಿತು. ಆ ಶಾಲೆಗಳಲ್ಲಿ 1922-23ರಲ್ಲಿ 811 ಇದ್ದ ಮಕ್ಕಳ ಸಂಖ್ಯೆ ಎರಡೇ ವರ್ಷದಲ್ಲಿ 1,671 ಆಯಿತು. ಆದರೆ ಪ್ರಾಥಮಿಕ ಶಿಕ್ಷಣದ ನಿಧಿಯಿಂದ ತಿಂಡಿಗೆ ಖರ್ಚು ಮಾಡುವಂತಿಲ್ಲ ಎಂದು ಬ್ರಿಟಿಷ್ ಸರ್ಕಾರ ತಕರಾರು ತೆಗೆಯಿತು, 1925ರಲ್ಲಿ ತಿಂಡಿ ನಿಂತಿತು. ಎರಡು ವರ್ಷದ ಮೇಲೆ ಬೇರೆ ರೂಪದಲ್ಲಿ ಮತ್ತೆ ಶುರುವಾಯಿತು. ಹೆಚ್ಚಾದ ಮಕ್ಕಳ ಲೆಕ್ಕ ಕಣ್ಣೆದುರಿಗೇ ಇದ್ದರೂ ಯಾವ ನಿಧಿ, ಯಾವ ಬಾಬ್ತು ಎಂಬುದೇ ದೊಡ್ಡದಾಗಿದ್ದು ಓದಿದಾಗ ನಮ್ಮ ಆಫೀಸಿನ ಬಜೆಟ್ ಮೀಟಿಂಗ್ ನೆನಪಾಯಿತು.

ಅದೇ ಸುಮಾರಿಗೆ ನೀಲಗಿರಿಯ ಕೂನೂರಿನಲ್ಲಿ ಇನ್ನೊಂದು ಕೆಲಸ ನಡೆಯುತ್ತಿತ್ತು. ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ಸೇನಾ ವೈದ್ಯ 1918ರಲ್ಲಿ ಅಲ್ಲಿನ ಪಾಶ್ಚರ್ ಸಂಸ್ಥೆಯ ಒಂದು ಕೋಣೆಯಲ್ಲಿ ಬೆರಿಬೆರಿ ರೋಗದ ಅಧ್ಯಯನ ಶುರು ಮಾಡಿದ. ಅದು ಬೆಳೆದು ಪೋಷಣಾ ಸಂಶೋಧನಾಲಯವಾಯಿತು; ಈಗ ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮೂಲ ಅದೇ. ಮೆಕ್‌ಕ್ಯಾರಿಸನ್ ಮಾಡಿದ ಒಂದು ಪ್ರಯೋಗ ನಮ್ಮ ಸಂಘದವರೆಲ್ಲ ತಿಳಿಯಬೇಕಾದದ್ದು. ಏಳು ಗುಂಪು ಇಲಿಮರಿಗಳು, ಗುಂಪಿಗೆ ಇಪ್ಪತ್ತು. ಒಂದೊಂದು ಗುಂಪಿಗೆ ಭಾರತದ ಒಂದೊಂದು ಜನರ ಊಟ: ಸಿಖ್, ಪಠಾಣ, ಮರಾಠ, ಗೂರ್ಖಾ, ಕನ್ನಡಿಗ, ಬಂಗಾಳಿ, ಮದ್ರಾಸಿ. ಕೊನೆಗೆ ತೂಗಿದಾಗ ಇಡೀ ಗೋಧಿ, ಹಾಲು, ಬೆಣ್ಣೆ, ಬೇಳೆ, ತರಕಾರಿ ತಿಂದ ಸಿಖ್ ಗುಂಪಿನ ಇಲಿಗಳು ಸರಾಸರಿ 235 ಗ್ರಾಂ. ಪಾಲಿಷ್ ಅಕ್ಕಿಯ ಮದ್ರಾಸಿ ಗುಂಪು 155. ನಮ್ಮ ಕನ್ನಡದ ಇಲಿಗಳು 185 ಗ್ರಾಂ, ಐದನೇ ಸ್ಥಾನ!

ಮನೆಯಲ್ಲಿ ಇದನ್ನು ಹೇಳಿ ತುಂಬ ನಕ್ಕೆವು. ಆದರೆ ಅನುಮಾನವೂ ಬಂತು. ಕನ್ನಡಿಗರ ಊಟ ಎಂದರೆ ಯಾರ ಊಟ? ತುಮಕೂರಿನ ಮುದ್ದೆಯೋ, ಮಂಗಳೂರಿನ ಕುಚಲಕ್ಕಿ ಗಂಜಿ-ಮೀನೋ, ವಿಜಯಪುರದ ಜೋಳದ ರೊಟ್ಟಿಯೋ? ಎಲ್ಲವನ್ನೂ ಒಂದೇ ತಟ್ಟೆಗೆ ಸುರಿದು ಕನ್ನಡದ ಊಟ ಎಂದರೆ ಹೇಗೆ? ಅಲ್ಲದೆ ಕೆಲವು ಜನಾಂಗಗಳು ಹುಟ್ಟಿನಿಂದಲೇ ಯೋಧರು ಎಂದು ನಂಬಿದ್ದ ಸೇನೆಯ ಕಾಲವದು; ಈ ಪಟ್ಟಿಯಲ್ಲೂ ಅದರ ವಾಸನೆ ನನಗೆ ಬಡಿಯುತ್ತದೆ. ಹಾಗಿದ್ದರೂ ಮೆಕ್‌ಕ್ಯಾರಿಸನ್ ತೋರಿಸಿದ್ದು ದೊಡ್ಡ ಮಾತೇ. ವ್ಯತ್ಯಾಸ ಇದ್ದದ್ದು ರಕ್ತದಲ್ಲಲ್ಲ, ಊಟದಲ್ಲಿ. ಒಂದೇ ತಳಿಯ ಇಲಿಗಳು ತಟ್ಟೆ ಬದಲಾದ ಮಾತ್ರಕ್ಕೆ ಬೇರೆ ಬೇರೆ ಗಾತ್ರದವಾದವು.

ಅವನ ನಂತರ 1935ರಲ್ಲಿ ಬಂದ ವ್ಯಾಲೇಸ್ ಆಕ್‌ರಾಯ್ಡ್ ಇಲಿ ಬಿಟ್ಟು ಮಕ್ಕಳ ಕಡೆ ತಿರುಗಿದ. ದಕ್ಷಿಣ ಭಾರತದ ಶಾಲಾ ಮಕ್ಕಳ ಬಾಯಿಯ ತುದಿಯ ಹುಣ್ಣು, ಕಪ್ಪೆಯ ಚರ್ಮದಂತೆ ಒರಟಾದ ಮೊಣಕೈ, ಇವು ಕೊಳಕಿನಿಂದ ಬಂದದ್ದಲ್ಲ, ಊಟದ ಕೊರತೆಯಿಂದ ಬಂದದ್ದು ಎಂದು ಅವನ ತಂಡ ದಾಖಲಿಸಿತು. ಬರೀ ಅನ್ನದ ಊಟಕ್ಕೆ ಕೆನೆ ತೆಗೆದ ಹಾಲು ಸೇರಿಸಿ ಕೊಟ್ಟು ನೋಡಿದರು. ಹಾಲು ಸಿಕ್ಕ ಮಕ್ಕಳ ಎತ್ತರ, ತೂಕ ಎರಡೂ ಮಿಕ್ಕವರಿಗಿಂತ ಹೆಚ್ಚಾಯಿತು. 1937ರಲ್ಲಿ ಆಕ್‌ರಾಯ್ಡ್ ಭಾರತದ ಆಹಾರಗಳ ಪೋಷಕಾಂಶಗಳ ಪಟ್ಟಿಯೊಂದನ್ನು ಸರ್ಕಾರಿ ಪುಸ್ತಿಕೆಯಾಗಿ ಹೊರತಂದ. ಅದೇ ಮುಂದೆ ಸಿ. ಗೋಪಾಲನ್ ಮತ್ತು ಸಂಗಡಿಗರ ಕೈಯಲ್ಲಿ ಬೆಳೆದು, ಇವತ್ತಿಗೂ ಡಯಟೀಷಿಯನ್‌ಗಳ ಮೇಜಿನ ಮೇಲಿರುವ ಪುಸ್ತಕವಾಯಿತು. ಅದರಲ್ಲಿ ರಾಗಿಯ ಸಾಲು ನೋಡಿ: 100 ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ ಕ್ಯಾಲ್ಸಿಯಂ. ಗಿರಣಿ ಅಕ್ಕಿಯಲ್ಲಿ ಸುಮಾರು 10. ಮಗಳ ಸಹಪಾಠಿ ನಕ್ಕ ಕಪ್ಪು ದೋಸೆಯ ಕಥೆ ಇದು.

ಅಂದರೆ ಹಾಲು, ಸೊಪ್ಪು, ಬೇಳೆ, ಒರಟು ಧಾನ್ಯ ಬೆಳೆಯುವ ಮಕ್ಕಳಿಗೆ ಬೇಕು ಎಂಬುದು ಸ್ವಾತಂತ್ರ್ಯಕ್ಕೆ ಹತ್ತು ವರ್ಷ ಮೊದಲೇ ಅಚ್ಚಾಗಿತ್ತು. ಶಾಲೆಯ ತಟ್ಟೆಗೆ ಬಂದದ್ದು ಬೇರೆಯೇ.

ತಮಿಳುನಾಡಿನಲ್ಲಿ (ಆಗಿನ್ನೂ ಮದ್ರಾಸ್ ರಾಜ್ಯ) ಕಾಮರಾಜರು 1956ರಲ್ಲಿ ಮಧ್ಯಾಹ್ನದ ಊಟ ಶುರು ಮಾಡಿದರು. ದನ ಕಾಯುವ ಹುಡುಗನೊಬ್ಬನನ್ನು ಶಾಲೆಗೆ ಯಾಕೆ ಹೋಗಲಿಲ್ಲ ಎಂದು ಅವರು ಕೇಳಿದಾಗ, ಊಟ ಕೊಡುತ್ತೀರಾ ಎಂದು ಅವನು ತಿರುಗಿ ಕೇಳಿದನೆಂಬ ಕಥೆ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ನಡೆದದ್ದೋ ಕಟ್ಟಿದ್ದೋ, ನಮ್ಮ ಅತ್ತೆಯ ಕಥೆ ಕೇಳಿದ ಮೇಲೆ ನನಗೆ ಅದನ್ನು ನಂಬಲು ಕಷ್ಟವಾಗಲಿಲ್ಲ. ಮೊದಮೊದಲು ಊರಿನವರೇ ಅಕ್ಕಿ, ತರಕಾರಿ ಕೊಟ್ಟು ನಡೆಸಿದರು, ಆಮೇಲೆ ಸರ್ಕಾರದ ಹಣ, ಆಮೇಲೆ ಕೇರ್. ನಮ್ಮ ಮೈಸೂರು ರಾಜ್ಯದ ಶಾಲೆಗಳಿಗೂ ಅದೇ ದಶಕದಲ್ಲಿ ಕೇರ್ ಬಂತು. ಅಮೆರಿಕದಲ್ಲಿ ಬೆಳೆ ಮಿಕ್ಕಿತ್ತು, ಇಲ್ಲಿ ಬರ ಇತ್ತು. 1954ರ ಪಿ.ಎಲ್. 480 ಕಾಯ್ದೆ ಆ ಮಿಕ್ಕಿದ್ದನ್ನು ಹೊರದೇಶಗಳಿಗೆ ಕಳಿಸುವ ದಾರಿ ಮಾಡಿತ್ತು. ಅಪ್ಪನ ಎಲೆಗೆ ಗೋಧಿ ಬಿದ್ದದ್ದು ಗೋಧಿ ಒಳ್ಳೆಯದೆಂದು ಯಾರೋ ತೀರ್ಮಾನಿಸಿದ್ದರಿಂದಲ್ಲ, ಗೋದಾಮಿನಲ್ಲಿ ಅದು ಇದ್ದದ್ದರಿಂದ. ಹಾಗೆಂದು ಹೀಗಳೆಯುವ ಧೈರ್ಯ ನನಗಿಲ್ಲ. ಆ ಹಾಲಿನ ಪುಡಿ ಬಹಳ ಮಕ್ಕಳಿಗೆ ದಿನದಲ್ಲಿ ಸಿಕ್ಕ ಒಂದೇ ಹಾಲು.

ನನ್ನ ಕಾಲಕ್ಕೆ ಉಪ್ಪಿಟ್ಟೂ ಹೋಗಿತ್ತು. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಇಡೀ ದೇಶಕ್ಕೆ ಶಾಲಾ ಪೌಷ್ಟಿಕ ಆಹಾರದ ಯೋಜನೆ ತಂದಿತು. ಹೆಸರು ಪೌಷ್ಟಿಕ ಆಹಾರ. ಬಹುತೇಕ ರಾಜ್ಯಗಳಲ್ಲಿ ಕೊಟ್ಟದ್ದು ಒಣ ಧಾನ್ಯ. 80 ಪರ್ಸೆಂಟ್ ಹಾಜರಿ ಇದ್ದರೆ ತಿಂಗಳಿಗೆ ಮೂರು ಕಿಲೋ. ಅದೇ ಊರಿನ, ಅದೇ ಶಾಲೆಯಲ್ಲಿ ನಾನು ಒಂದನೇ ತರಗತಿ. ಅಮ್ಮ ಹೊಲಿದುಕೊಟ್ಟ ಬಟ್ಟೆ ಚೀಲ ಹಿಡಿದು ಸಾಲಿನಲ್ಲಿ ನಿಂತು, ಮೂರು ಕಿಲೋ ಅಕ್ಕಿಯನ್ನು ಸೊಂಟದ ಮೇಲೆ ಕೂಸಿನಂತೆ ಹೊತ್ತು ತಂದದ್ದು ಚೆನ್ನಾಗಿ ನೆನಪಿದೆ. ಮನೆಯವರೆಲ್ಲ ಹೊಗಳಿದರು. ಈಗ ಲೆಕ್ಕ ಹಾಕಿದರೆ ಅದು ದಿನಕ್ಕೆ 100 ಗ್ರಾಂ ಅಕ್ಕಿ, ಅದೂ ಮನೆಮಂದಿಯ ಪಾತ್ರೆಗೆ ಬಿದ್ದು ಎಲ್ಲರಿಗೂ ಹಂಚಿಹೋದದ್ದು. ಮಧ್ಯಾಹ್ನದ ಗಂಟೆ ಹೊಡೆದಾಗ ಡಬ್ಬಿ ತಾರದ ಗೆಳತಿಯರು ನಲ್ಲಿಯ ಹತ್ತಿರ ಹೋಗಿ ನೀರು ಕುಡಿದು ಬರುತ್ತಿದ್ದರು. ಅವರ ಚೀಲಕ್ಕೂ ಪ್ರತಿ ತಿಂಗಳು ಅಕ್ಕಿ ಬಿದ್ದಿತ್ತು. ಕಾಗದದ ಮೇಲೆ ನಾವೆಲ್ಲರೂ ಪೌಷ್ಟಿಕ ಆಹಾರ ಪಡೆದ ಮಕ್ಕಳು.

ಇದನ್ನು ಬದಲಿಸಿದ್ದು ಸುಪ್ರೀಂ ಕೋರ್ಟ್. 2001ರ ನವೆಂಬರ್ 28ರ ಆದೇಶ: ಒಣ ಧಾನ್ಯ ಸಾಲದು, ಬೇಯಿಸಿದ ಊಟವನ್ನೇ ಕೊಡಬೇಕು, ಅದರಲ್ಲಿ ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನ್ ಇರಬೇಕು, ವರ್ಷದಲ್ಲಿ ಕನಿಷ್ಠ 200 ದಿನ ಕೊಡಬೇಕು. ಕರ್ನಾಟಕದಲ್ಲಿ 2002ರ ಜೂನ್‌ನಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಯಿತು, ಮರುವರ್ಷ ರಾಜ್ಯಕ್ಕೆಲ್ಲ ಹಬ್ಬಿತು. ದಾಸೋಹ ಎಂದು ಹೆಸರಿಟ್ಟವರು ಯಾರೋ ತಿಳಿಯದು, ಅವರಿಗೆ ನಮಸ್ಕಾರ. ಶರಣರ ಮಾತಿನಲ್ಲಿ ದಾಸೋಹ ಭಿಕ್ಷೆಯಲ್ಲ, ಹಂಚಿ ಉಣ್ಣುವುದು.

ನಾವಿರುವ ತಮಿಳುನಾಡು ಇದಕ್ಕೆ ಎಷ್ಟೋ ಮೊದಲೇ ಮುಂದೆ ಹೋಗಿತ್ತು. ಎಂ.ಜಿ.ಆರ್. 1982ರ ಜುಲೈ 1ರಂದು ಪೌಷ್ಟಿಕ ಊಟದ ಯೋಜನೆ ತಂದಾಗ ವೋಟಿಗಾಗಿ ಬೊಕ್ಕಸ ಬರಿದು ಮಾಡುತ್ತಾರೆ ಎಂದು ಪಂಡಿತರು ಬೈದರು. ಇಲ್ಲಿನ ಮೊಟ್ಟೆಯ ಇತಿಹಾಸವನ್ನೇ ನೋಡಿ. 1989ರಲ್ಲಿ ಹದಿನೈದು ದಿನಕ್ಕೊಂದು, 1998ರಲ್ಲಿ ವಾರಕ್ಕೊಂದು, 2010ರ ಹೊತ್ತಿಗೆ ವಾರಕ್ಕೆ ಐದು. ಆಳುವ ಪಕ್ಷ ಬದಲಾಯಿತು, ಮೊಟ್ಟೆ ಕಡಿಮೆಯಾಗಲಿಲ್ಲ. ಬಂದ ಪ್ರತಿಯೊಬ್ಬರೂ ಹಿಂದಿನವರಿಗಿಂತ ಒಂದು ಕೈ ಹೆಚ್ಚೇ ಬಡಿಸಿದರು.

ನಮ್ಮ ಕರ್ನಾಟಕದಲ್ಲಿ ಮೊಟ್ಟೆ ಬಂದದ್ದು 2021ರ ಡಿಸೆಂಬರ್‌ನಲ್ಲಿ, ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದಲ್ಲಿ ಮೊದಲು. ಕೆಲವು ಮಠಾಧೀಶರು, ಸಂಘಟನೆಗಳು ವಿರೋಧಿಸಿದರು. ಬೇಡವಾದ ಮಕ್ಕಳಿಗೆ ಬಾಳೆಹಣ್ಣು ಕೊಡುವ ವ್ಯವಸ್ಥೆ ಮೊದಲ ದಿನದಿಂದಲೇ ಇತ್ತು. ನಾನು ಮೊಟ್ಟೆ ತಿನ್ನದ ಮನೆಯವಳು. ಈ ಮಾತು ಬರೆದರೆ ನಮ್ಮವರಲ್ಲೇ ಕೆಲವರಿಗೆ ಬೇಸರವಾಗಬಹುದು. ಆದರೂ ಲೆಕ್ಕ ಲೆಕ್ಕವೇ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಒಂದು ಬಾಳೆಹಣ್ಣಿನಲ್ಲಿ ಸುಮಾರು 1 ಗ್ರಾಂ. ಮೊಟ್ಟೆ ತಿನ್ನದ ನಮ್ಮ ಮನೆಯಲ್ಲಿ ಹಾಲು, ಮೊಸರು, ಬೇಳೆ, ಶೇಂಗಾ ಎಲ್ಲ ಕೊಳ್ಳುವ ಶಕ್ತಿ ಇದೆ. ಅದಿಲ್ಲದ ಮನೆಯ ಮಗುವಿನ ತಟ್ಟೆಯಿಂದ ನಮ್ಮ ಮಡಿಯ ಹೆಸರಿನಲ್ಲಿ ಮೊಟ್ಟೆ ತೆಗೆಯಿರಿ ಎನ್ನಲು ನಮಗೇನು ಹಕ್ಕು? ಆಯ್ಕೆ ಕೊಟ್ಟಾಗ ಬಹುಪಾಲು ಮಕ್ಕಳು ಮೊಟ್ಟೆಯನ್ನೇ ಆರಿಸಿಕೊಂಡರು.

ಆಕ್‌ರಾಯ್ಡ್ 1930ರ ದಶಕದಲ್ಲಿ ಪರೀಕ್ಷಿಸಿ ನೋಡಿದ್ದ ಹಾಲು ನಮ್ಮ ರಾಜ್ಯದ ಶಾಲೆಗಳಿಗೆ ಸ್ವಂತ ಯೋಜನೆಯಾಗಿ ಬಂದದ್ದು 2013ರ ಆಗಸ್ಟ್ 1ರಂದು, ಕ್ಷೀರಭಾಗ್ಯದ ಹೆಸರಿನಲ್ಲಿ: 18 ಗ್ರಾಂ ಪುಡಿಯಿಂದ 150 ಮಿಲಿಲೀಟರ್ ಹಾಲು. ಈ ಸಲ ಪುಡಿ ಬಂದದ್ದು ನಮ್ಮದೇ ಹಸುಗಳಿಂದ. ಮತ್ತೆ ರಾಗಿ? ಅದು ಮಾಲ್ಟ್ ಆಗಿ ಶಾಲೆಯ ಲೋಟಕ್ಕೆ ಬಂದದ್ದು 2024ರಲ್ಲಿ, ವಾರಕ್ಕೆ ಮೂರು ದಿನ. ಪಟ್ಟಿಯಲ್ಲಿ ಅಚ್ಚಾದ ಮೇಲೆ ಎಂಬತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು, ನಮ್ಮ ಹೊಲದಿಂದ ನಮ್ಮ ಶಾಲೆಗೆ ಬರಲು. ನಡುವೆ ಅಮೆರಿಕದ ಗೋಧಿ, ಆಹಾರ ನಿಗಮದ ಅಕ್ಕಿ ಎಲ್ಲ ಬಂದು ಹೋದವು.

ತಡವಾದದ್ದು ಬರೀ ಮನಸ್ಸಿಲ್ಲದೆ ಅಲ್ಲ ಎಂಬುದೂ ನಿಜ. ಅಕ್ಕಿ, ಗೋಧಿಯನ್ನು ಸರ್ಕಾರ ಕೊಳ್ಳುತ್ತದೆ, ಕೂಡಿಡುತ್ತದೆ, ಲಾರಿಗೆ ತುಂಬುತ್ತದೆ. ಸೊಪ್ಪು, ತರಕಾರಿಗೆ ಆ ಸೌಕರ್ಯ ಇಲ್ಲ. ಕೇಂದ್ರದ 2009ರ ನಿಯಮದಂತೆ ಪ್ರಾಥಮಿಕ ಶಾಲೆಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಧಾನ್ಯ ಮೂಟೆಯಲ್ಲಿ ಬರುತ್ತದೆ. ಟೊಮೆಟೊ ಬೆಲೆ ಏರಿದ ವಾರ ಆ ಐವತ್ತು ಗ್ರಾಂ ಏನಾಗುತ್ತದೆಂದು ಸಂಸಾರ ಮಾಡುವವರಿಗೆ ಹೇಳಬೇಕಿಲ್ಲ. 2016ರಿಂದ 2018ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ 5ರಿಂದ 9 ವರ್ಷದ ಮಕ್ಕಳಲ್ಲಿ ನೂರಕ್ಕೆ 24 ಮಂದಿಗೆ ರಕ್ತಹೀನತೆ ಇತ್ತು. ಹೊಟ್ಟೆ ತುಂಬಿದ ಮಕ್ಕಳಲ್ಲೂ ಕಬ್ಬಿಣದ ಅಂಶ ತುಂಬಿರಲಿಲ್ಲ.

ಇನ್ನು ಬೇಯಿಸುವ ಕೈಗಳು. ಹಂಡೆ ಕೆದಕುವ ದೊಡ್ಡ ಹುಡುಗರ ಜಾಗಕ್ಕೆ ಈಗ ದೇಶದ ತುಂಬ ಲಕ್ಷಾಂತರ ಹೆಂಗಸರು ಬಂದಿದ್ದಾರೆ. 2004ರಲ್ಲಿ ಸುಪ್ರೀಂ ಕೋರ್ಟ್ ಅಡುಗೆಯ ಕೆಲಸಕ್ಕೆ ದಲಿತರಿಗೆ ಆದ್ಯತೆ ಕೊಡಬೇಕೆಂದಿತು. ಒಂದೇ ಸಾಲಿನಲ್ಲಿ ಕೂತು ಅವರ ಕೈಯ ಅನ್ನ ಉಣ್ಣುವುದೂ ಮಕ್ಕಳಿಗೆ ಪಾಠವೇ. ಕೆಲವು ಊರುಗಳಲ್ಲಿ ದೊಡ್ಡವರು ಅದಕ್ಕೂ ಅಡ್ಡ ಬಂದದ್ದು ಪತ್ರಿಕೆಗಳಲ್ಲಿ ಓದಿದ್ದೇವೆ. 2009ರಲ್ಲಿ ಕೇಂದ್ರ ಈ ಹೆಂಗಸರಿಗೆ ನಿಗದಿ ಮಾಡಿದ ಗೌರವಧನ ತಿಂಗಳಿಗೆ 1000 ರೂಪಾಯಿ, ವರ್ಷಕ್ಕೆ ಹತ್ತು ತಿಂಗಳು ಮಾತ್ರ. ಅದರ ಮೇಲೆ ರಾಜ್ಯಗಳು ತಮ್ಮ ಪಾಲು ಸೇರಿಸುತ್ತವೆ. ಸಂಬಳ ಎನ್ನದೆ ಗೌರವಧನ ಎಂದು ಕರೆದದ್ದರಲ್ಲೇ ಎಲ್ಲ ಇದೆ. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಬಿಸಿಯೂಟದ ಅಕ್ಕಂದಿರು ಧರಣಿ ಕೂತ ಚಿತ್ರ ನೋಡಿದಾಗಲೆಲ್ಲ, ನನಗೆ ವರ್ಷವರ್ಷ ಬರುವ ಇನ್‌ಕ್ರಿಮೆಂಟ್ ಪತ್ರ ನೆನಪಾಗಿ ಮುಜುಗರವಾಗುತ್ತದೆ.

2021ರಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 1993ರಿಂದ 2016ರವರೆಗಿನ ದೇಶದ ಅಂಕಿಅಂಶ ಹಿಡಿದು ಸಂಶೋಧಕರು ನೋಡಿದರು: ಚಿಕ್ಕಂದಿನಲ್ಲಿ ಶಾಲೆಯ ಬಿಸಿಯೂಟ ಸಿಕ್ಕ ಹುಡುಗಿಯರು ಮುಂದೆ ತಾಯಂದಿರಾದಾಗ ಅವರ ಮಕ್ಕಳ ಎತ್ತರ ಹೇಗಿದೆ? ಊಟ ಸಿಗದಿದ್ದವರ ಮಕ್ಕಳಿಗಿಂತ ಇವರ ಮಕ್ಕಳಲ್ಲಿ ಕುಂಠಿತ ಬೆಳವಣಿಗೆ ಕಡಿಮೆ ಇತ್ತು. ಆ ಹುಡುಗಿಯರು ಹೆಚ್ಚು ವರ್ಷ ಓದಿದ್ದು, ತಡವಾಗಿ ತಾಯಿಯಾದದ್ದು, ಆಸ್ಪತ್ರೆ ಸೌಲಭ್ಯ ಬಳಸಿದ್ದು ಇವೆಲ್ಲ ಅದಕ್ಕೆ ಕಾರಣ ಎಂದು ಅವರು ತೋರಿಸಿದ್ದಾರೆ. ಇಷ್ಟೆಲ್ಲ ಚಾರ್ಟ್ ನೋಡುವಾಗ ನನ್ನ ಕಣ್ಣಿಗೆ ಬಂದದ್ದು ಅತ್ತೆ. ಅವರು ಓದಿದ್ದು ಏಳನೇ ತರಗತಿ, ಅವರ ಇಬ್ಬರು ಹೆಣ್ಣುಮಕ್ಕಳೂ ಡಿಗ್ರಿ ಮುಗಿಸಿದರು. ಇಬ್ಬರೂ ಅತ್ತೆಗಿಂತ ಗೇಣುದ್ದ ಎತ್ತರ.

2022ರ ಸೆಪ್ಟೆಂಬರ್‌ನಲ್ಲಿ ತಮಿಳುನಾಡು ಸರ್ಕಾರ ಪ್ರಾಥಮಿಕ ಶಾಲೆಗಳಲ್ಲಿ ಬೆಳಗಿನ ತಿಂಡಿಯನ್ನೂ ಶುರು ಮಾಡಿತು. ನೂರು ವರ್ಷದ ಹಿಂದೆ ಇದೇ ಊರಿನಲ್ಲಿ ಒಂದಾಣೆಗೆ ಶುರುವಾಗಿ ನಿಂತುಹೋಗಿದ್ದ ತಿಂಡಿ ಅದು. ನಮ್ಮ ಬೀದಿಯ ಕೊನೆಯಲ್ಲೂ ಕಾರ್ಪೊರೇಷನ್ ಶಾಲೆಯೊಂದಿದೆ. ಬೆಳಗ್ಗೆ ಎಂಟು ಗಂಟೆಗೆ ಮಗಳನ್ನು ವ್ಯಾನ್ ಹತ್ತಿಸಲು ನಿಂತಾಗ ತಿಂಡಿಯ ಪಾತ್ರೆಗಳು ಇಳಿಯುವುದು ಕಾಣುತ್ತದೆ. ಊರಿಗೆ ವಾಪಸಾದ ಅಪ್ಪನಿಗೆ ಫೋನಿನಲ್ಲಿ ಹೇಳಿದೆ, ಇಲ್ಲೂ ಸೋಮವಾರ ಉಪ್ಪಿಟ್ಟು ಅಪ್ಪಾ ಎಂದು.

"ಬರೀ ಉಪ್ಪಿಟ್ಟಾ?"

"ಇಲ್ಲ, ತರಕಾರಿ ಸಾಂಬಾರ್ ಕೊಡ್ತಾರೆ."

"ಸಾಂಬಾರ್ ಕೊಡ್ತಾರಂತೆ ಕಣೇ" ಎಂದು ಅಪ್ಪ ಪಕ್ಕದಲ್ಲಿದ್ದ ಅತ್ತೆಗೆ ಕೂಗಿ ಹೇಳಿದ್ದು ಫೋನಿನಲ್ಲೇ ಕೇಳಿಸಿತು.